ಹಳೇ ರೀಲು, ಮಬ್ಬು ಬೆಳಕು: ಮನೆಯೊಳಗೆ ಸೂಪರ್ 8 ಸಿನಿಮಾ ತೆಗೆಯುವುದು ಹೇಗೆ

1960–70ರ ದಶಕದ ಮನೆ ಸಿನಿಮಾಗಳನ್ನು ನೋಡಿದ್ದೀರಾ? ಮನೆಯೊಳಗಿನ ದೃಶ್ಯ ಬಂದ ಕೂಡಲೇ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು, ಮುಖ ಸಿಂಡರಿಸಿಕೊಂಡು ನಗುತ್ತಿರುತ್ತಾರೆ. ಅದು ನಾಚಿಕೆ ಅಲ್ಲ. ಕ್ಯಾಮರಾ ತಲೆಯ ಮೇಲೆ ಕೂರಿಸಿದ 650 ವ್ಯಾಟಿನ ಹ್ಯಾಲೊಜೆನ್ ದೀಪ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಆಗಿನ ಕೊಡಾಕ್ರೋಮ್ ರೀಲಿನ ವೇಗ, ಅಂದರೆ ಬೆಳಕನ್ನು ಹಿಡಿಯುವ ಶಕ್ತಿಯ ಅಳತೆ, ಬರೀ ಎಎಸ್‌ಎ 40. ಆ ದೀಪ ಇಲ್ಲದೆ ಮನೆಯೊಳಗೆ ಏನೂ ಮೂಡುತ್ತಿರಲಿಲ್ಲ.

ರೀಲು ಹೊಸದಾಗಿದ್ದಾಗಿನ ಕಥೆಯೇ ಇದು. ಈಗ ಹದಿನೈದೋ ಇಪ್ಪತ್ತೋ ವರ್ಷ ಕಪಾಟಿನಲ್ಲಿ ಕೂತ ಒಂದು ಸೂಪರ್ 8 ರೀಲು, ಅಂದರೆ 8 ಎಂಎಂ ಅಗಲದ ಸಿನಿಮಾ ಫಿಲ್ಮ್, ನಿಮ್ಮ ಕೈಗೆ ಸಿಕ್ಕಿದೆ. ಸಂಜೆ ಹೊತ್ತು, ಟೇಬಲ್ ಲ್ಯಾಂಪಿನ ಪಕ್ಕ ಅಜ್ಜಿ ಪೇಪರ್ ಓದುತ್ತಿದ್ದಾರೆ. ತೆಗೆಯೋಣ ಅನ್ನಿಸುತ್ತದೆ, ಅಲ್ವಾ? ತೆಗೆಯಬಹುದು. ಆದರೆ ಇಲ್ಲಿ ಕೊರತೆ ಒಂದಲ್ಲ, ಎರಡು. ಕೋಣೆಯಲ್ಲಿ ಬೆಳಕು ಕಡಿಮೆ. ರೀಲಿಗೂ ಮೊದಲಿನ ಶಕ್ತಿ ಉಳಿದಿಲ್ಲ.

ನಾನು ಮೊದಲ ಸಲ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಹದಿನೈದು ವರ್ಷ ಹಳೆಯ 500ಟಿ ರೀಲು (ವೇಗ 500, ಟಿ ಅಂದರೆ ಟಂಗ್‌ಸ್ಟನ್ ಬಲ್ಬಿನ ಬೆಳಕಿಗೆ ಮಾಡಿದ್ದು). ಡಬ್ಬಿಯ ಮೇಲೆ 500 ಅಂತ ಇದೆಯಲ್ಲ ಅಂದುಕೊಂಡು ಬೆಳಕು ಅಳೆಯುವ ಮೀಟರನ್ನೂ 500ಕ್ಕೇ ಇಟ್ಟೆ. ಕೋಣೆಯ ದೀಪ ಹೇಗಿತ್ತೋ ಹಾಗೇ ಬಿಟ್ಟೆ. ತೊಳೆಸಿಕೊಂಡು (ಡೆವಲಪ್ ಮಾಡಿಸಿಕೊಂಡು) ಬಂದ ಮೇಲೆ ನೋಡಿದರೆ ಇಡೀ ರೀಲು ಕೆಸರು ಬಣ್ಣದ ಸಾರಿನ ಹಾಗೆ ಕುದಿಯುತ್ತಿತ್ತು. ನಡುವೆ ನಾಲ್ಕೇ ನಾಲ್ಕು ಸೆಕೆಂಡು ಚೆನ್ನಾಗಿತ್ತು. ಮಗು ಓಡಿ ಬಂದು ಲ್ಯಾಂಪಿನ ಹತ್ತಿರ ಮುಖ ತಂದಿತ್ತು, ಅಷ್ಟೇ. ಆ ನಾಲ್ಕು ಸೆಕೆಂಡು ಯಾಕೆ ಚೆನ್ನಾಗಿತ್ತು ಅಂತ ಯೋಚಿಸಿದ ಮೇಲೆ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಹಳೇ ರೀಲು ಕತ್ತಲೆಯೊಳಗೆ ಏನನ್ನೂ ಹುಡುಕಿ ಕೊಡುವುದಿಲ್ಲ. ಮುಖಕ್ಕೆ ಸಾಕಷ್ಟು ಬೆಳಕು ಕೊಟ್ಟು, ಮಿಕ್ಕಿದ್ದನ್ನು ಕಪ್ಪಾಗಲು ಬಿಟ್ಟರೆ ಮಾತ್ರ ಅದು ಒಲಿಯುತ್ತದೆ. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕೇ.

ಇನ್ನೊಂದು ಮಾತು ಮೊದಲೇ ಹೇಳುತ್ತೇನೆ. ಮತ್ತೆ ಸಿಗದ ಗಳಿಗೆಯನ್ನು ಹಳೇ ರೀಲಿನಲ್ಲಿ ತೆಗೆಯಬೇಡಿ. ಅದಕ್ಕೆ ಹೊಸ ರೀಲು ತನ್ನಿ. ಹಳೇ ರೀಲು ಇರುವುದು ನಾಳೆಯೂ ಸಿಗುವ ದೃಶ್ಯಗಳಿಗೆ.

ಹಂತ 1: ರೀಲು ಯಾವುದು, ಅದನ್ನು ತೊಳೆಯುವವರು ಇದ್ದಾರಾ?

ಚಿತ್ರೀಕರಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಡಬ್ಬಿಯ ಮೇಲೆ ಪ್ರೊಸೆಸ್, ಅಂದರೆ ತೊಳೆಯುವ ವಿಧಾನದ ಹೆಸರು ಇರುತ್ತದೆ, ಅದನ್ನು ಓದಿ.

ಕೆ-14 ಅಂತ ಇದ್ದರೆ ಅದು ಕೊಡಾಕ್ರೋಮ್. ಅದನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕ್ಯಾನ್ಸಸ್‌ನಲ್ಲಿತ್ತು. 2010ರ ಡಿಸೆಂಬರ್ 30ರವರೆಗೆ ತಲುಪಿದ ರೀಲುಗಳನ್ನು ಮಾತ್ರ ತೆಗೆದುಕೊಂಡು ಅವರೂ ನಿಲ್ಲಿಸಿದರು. ಈಗ ಕೊಡಾಕ್ರೋಮನ್ನು ಕಪ್ಪು-ಬಿಳುಪಿನಲ್ಲಿ ಮಾತ್ರ ತೊಳೆಯಬಹುದು. ಇ-6 ಅಂತ ಇದ್ದರೆ ಎಕ್ಟಾಕ್ರೋಮ್ ಜಾತಿಯ ರಿವರ್ಸಲ್ (ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಮೂಡುವ ಫಿಲ್ಮ್), ಅದನ್ನು ತೊಳೆಯುವ ಲ್ಯಾಬ್‌ಗಳು ಇವೆ. ಆದರೆ ಇನ್ನೂ ಹಳೆಯ ಎಕ್ಟಾಕ್ರೋಮ್ ಸಿನಿಮಾ ರೀಲುಗಳು ಬೇರೆಯೇ ಪ್ರೊಸೆಸ್‌ಗೆ ಮಾಡಿದವು. ಹೆಸರು ಒಂದೇ ಅಂತ ಇ-6ಗೆ ಹಾಕಬೇಡಿ. ಇಸಿಎನ್-2 ಅಂದರೆ ಸಿನಿಮಾ ನೆಗೆಟಿವ್. 500ಟಿ, 200ಟಿ, 50ಡಿ (ಡಿ ಅಂದರೆ ಹಗಲಿನ ಬೆಳಕಿಗೆ) ಎಲ್ಲ ಇದೇ ಗುಂಪು.

ಮಬ್ಬು ಬೆಳಕಿಗೆ ಯಾವುದು ಬಾಳುತ್ತದೆ? ನನ್ನ ಪ್ರಕಾರ ನೆಗೆಟಿವ್ ಮೊದಲು. ಅದರಲ್ಲೂ 500ಟಿ. ಆಮೇಲೆ ಕಪ್ಪು-ಬಿಳುಪಿನ ಟ್ರೈ-ಎಕ್ಸ್. ಅದರ ವೇಗ ಹಗಲಿನ ಬೆಳಕಿಗೆ 200, ಬಲ್ಬಿನ ಬೆಳಕಿಗೆ 160. ಹಳೇ ಕೊಡಾಕ್ರೋಮನ್ನು ಮನೆಯೊಳಗೆ ತರಲೇಬೇಡಿ. ಲೆಕ್ಕ ಕೆಳಗೆ ಇದೆ, ನೀವೇ ನೋಡಿ.

ಸೂಪರ್ 8 ಕಾರ್ಟ್ರಿಡ್ಜ್ (ಫಿಲ್ಮ್ ಸುತ್ತಿಟ್ಟ ಪ್ಲಾಸ್ಟಿಕ್ ಡಬ್ಬಿ) ಆದರೆ ಬಾಯಿಯ ಹತ್ತಿರ ಕಾಣುವ ಫಿಲ್ಮ್ ತುಂಡನ್ನೂ ನೋಡಿ. ಕೊಡಾಕ್ ಕಾರ್ಟ್ರಿಡ್ಜ್ ಪೂರ್ತಿ ಓಡಿದ್ದರೆ ಅಲ್ಲಿ 'ಎಕ್ಸ್‌ಪೋಸ್ಡ್' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಹಾಗಿದ್ದರೆ ಅದು ಯಾರೋ ತೆಗೆದು ಮರೆತ ಸಿನಿಮಾ. ಕ್ಯಾಮರಾಗೆ ಹಾಕದೆ ನೇರ ತೊಳೆಯಲು ಕಳಿಸಿ. ಅರ್ಧ ಓಡಿದ ಕಾರ್ಟ್ರಿಡ್ಜ್ ಆದರೆ ಉಳಿದರ್ಧ ನೀವು ತೆಗೆಯಬಹುದು. ಮೊದಲರ್ಧ ಆಗಲೇ ಆಚೆ ಬದಿಗೆ ಸುತ್ತಿಕೊಂಡಿರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ.

ಹಂತ 2: ಎಷ್ಟು ಶಕ್ತಿ ಉಳಿದಿದೆ ಅಂತ ಅಂದಾಜು ಮಾಡಿ

ವಯಸ್ಸಾದ ಫಿಲ್ಮಿಗೆ ಎರಡು ಕಾಯಿಲೆ. ಒಂದು, ಬೆಳಕನ್ನು ಹಿಡಿಯುವ ವೇಗ ಇಳಿಯುತ್ತದೆ. ಇನ್ನೊಂದು, ಬೆಳಕು ಬೀಳದ ಜಾಗದಲ್ಲೂ ಒಂದು ಪದರ ಮಸುಕು ಕಟ್ಟುತ್ತದೆ. ಲ್ಯಾಬಿನವರು ಇದನ್ನು ಫಾಗ್ ಅನ್ನುತ್ತಾರೆ. ಬಿಸಿಲಿನಲ್ಲಿ ತೆಗೆದರೆ ಈ ಮಸುಕು ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಚಿತ್ರ ಅದಕ್ಕಿಂತ ಎಷ್ಟೋ ಗಟ್ಟಿಯಾಗಿ ಮೂಡಿರುತ್ತದೆ. ಮಬ್ಬು ಬೆಳಕಿನಲ್ಲಿ ಚಿತ್ರವೇ ತೆಳು. ಮಸುಕು ಅದನ್ನು ನುಂಗಿಬಿಡುತ್ತದೆ.

ಫ್ರಿಜ್‌ನಲ್ಲಿಟ್ಟ ರೀಲು ನಿಧಾನ ಮುಪ್ಪಾಗುತ್ತದೆ. ಆದರೆ ಆಕಾಶದಿಂದ ಬರುವ ಕಾಸ್ಮಿಕ್ ಕಿರಣ ಫ್ರಿಜ್ ಬಾಗಿಲಿಗೆ ನಿಲ್ಲುವುದಿಲ್ಲ. ವೇಗ ಜಾಸ್ತಿ ಇರುವ ಫಿಲ್ಮಿಗೇ ಅದರ ಏಟು ಜಾಸ್ತಿ. ಅಂದರೆ ಕತ್ತಲಲ್ಲಿ ಉಪಯೋಗಕ್ಕೆ ಬರುವ ಫಿಲ್ಮೇ ಬೇಗ ಹಾಳಾಗುತ್ತದೆ. ಅನ್ಯಾಯ ಅನ್ನಿಸಿದರೂ ವಿಷಯ ಅಷ್ಟೇ.

ಎಲ್ಲರೂ ಬಳಸುವ ಅಂದಾಜು ಒಂದಿದೆ. ಸಾಮಾನ್ಯ ಕೋಣೆಯಲ್ಲಿಟ್ಟ ನೆಗೆಟಿವ್ ಆದರೆ ಪ್ರತಿ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಬೆಳಕು ಹೆಚ್ಚು ಕೊಡಿ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. 500ರ ಫಿಲ್ಮ್ ಹತ್ತು ವರ್ಷಕ್ಕೆ 250, ಇಪ್ಪತ್ತು ವರ್ಷಕ್ಕೆ 125 ಅಂತ ಲೆಕ್ಕ ಇಡಿ. ತಣ್ಣಗೆ ಇಟ್ಟಿದ್ದರೆ ಅದರ ಅರ್ಧದಷ್ಟು ಪರಿಹಾರ ಸಾಕಾಗಬಹುದು. ಇದು ಅಂದಾಜೇ ಹೊರತು ನಿಯಮ ಅಲ್ಲ.

ರಿವರ್ಸಲ್ ಫಿಲ್ಮಿಗೆ ಈ ಲೆಕ್ಕ ಹಾಕಬೇಡಿ. ಅಲ್ಲಿ ಬೆಳಕು ಜಾಸ್ತಿಯಾದರೆ ಚಿತ್ರ ತೊಳೆದುಹೋದ ಹಾಗೆ ಬಿಳಿಚಿಕೊಳ್ಳುತ್ತದೆ. ಮಸುಕು ಆಗಲೇ ಕಪ್ಪನ್ನು ಕಂದು ಮಾಡಿರುತ್ತದೆ, ಅದರ ಮೇಲೆ ಇದೂ ಸೇರಿದರೆ ಏನೂ ಉಳಿಯುವುದಿಲ್ಲ. ಅರ್ಧದಿಂದ ಒಂದು ಸ್ಟಾಪ್, ಅದಕ್ಕಿಂತ ಮುಂದೆ ಹೋಗಬೇಡಿ.

ಪರೀಕ್ಷೆ ಮಾಡಲು ದಾರಿ ಇದೆಯಾ? ರೆಗ್ಯುಲರ್ 8 (ಸೂಪರ್ 8ಕ್ಕಿಂತ ಹಳೆಯ ಮಾದರಿ) ಅಥವಾ 16 ಎಂಎಂ ಸ್ಪೂಲ್ ಆದರೆ ಸುಲಭ. ಕತ್ತಲ ಚೀಲದೊಳಗೆ ಒಂದು ಗೇಣು ಕತ್ತರಿಸಿ, ಬೆಳಕು ತಾಗಿಸದೆ ಹಾಗೇ ತೊಳೆದು ಒಣಗಿಸಿ, ಪುಸ್ತಕದ ಮೇಲಿಟ್ಟು ನೋಡಿ. ಕೆಳಗಿನ ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಮಸುಕು ಕಡಿಮೆ. ಅಕ್ಷರವೇ ಕಾಣದಿದ್ದರೆ ಆ ರೀಲನ್ನು ಮನೆಯೊಳಗೆ ಬಳಸಬೇಡಿ. ಸೂಪರ್ 8 ಕಾರ್ಟ್ರಿಡ್ಜಿನಲ್ಲಿ ಮಾತ್ರ ಹೀಗೆ ಎಳೆದು ಕತ್ತರಿಸಬೇಡಿ. ಸುತ್ತಿಕೊಳ್ಳುವ ಬದಿಯ ಕೊಂಡಿ ತಪ್ಪಿ, ಫಿಲ್ಮ್ ಒಳಗೇ ಗಂಟು ಬೀಳುತ್ತದೆ. ಒಂದೇ ಕಂತೆಯ ಎರಡು-ಮೂರು ಕಾರ್ಟ್ರಿಡ್ಜ್ ಇದ್ದರೆ ಒಂದನ್ನು ಪೂರ್ತಿ ಪರೀಕ್ಷೆಗೇ ಬಿಡಿ. ಒಂದೇ ದೃಶ್ಯ, ಐದೈದು ಸೆಕೆಂಡು, ಪ್ರತಿ ಸಲ ಅರ್ಧ ಸ್ಟಾಪ್ ಬದಲಾವಣೆ. ಯಾವ ತುಂಡಿಗೆ ಯಾವ ಲೆಕ್ಕ ಅಂತ ಚೀಟಿಯಲ್ಲಿ ಬರೆದು ಕ್ಯಾಮರಾ ಮುಂದೆ ಹಿಡಿಯಿರಿ. ಆಮೇಲೆ ನೆನಪಿರುತ್ತದೆ ಅಂತ ಅಂದುಕೊಳ್ಳಬೇಡಿ. ಇರುವುದಿಲ್ಲ.

ಹಂತ 3: ಬೆಳಕಿನ ಲೆಕ್ಕ

ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ಒಮ್ಮೆ ಅರ್ಥವಾದರೆ ಮೀಟರ್ ಕೈಕೊಟ್ಟಾಗಲೂ ದಾರಿ ಗೊತ್ತಿರುತ್ತದೆ.

ಕ್ಯಾಮರಾದ ಶಟರ್ ತಿರುಗುವ ತಟ್ಟೆ. ಅದರಲ್ಲಿ ತೆರೆದ ಭಾಗ 150 ಡಿಗ್ರಿ ಇದ್ದು, ಸೆಕೆಂಡಿಗೆ 18 ಫ್ರೇಮ್ ಓಡಿದರೆ, ಪ್ರತಿ ಫ್ರೇಮಿಗೆ ಬೆಳಕು ಬೀಳುವುದು ಸೆಕೆಂಡಿನ 43ನೇ ಒಂದು ಭಾಗ. 24 ಫ್ರೇಮಿಗೆ ಹೋದರೆ 58ನೇ ಒಂದು ಭಾಗ. ಅಂದರೆ 18ರಲ್ಲಿ ತೆಗೆದರೆ ಸುಮಾರು 0.4 ಸ್ಟಾಪ್ ಬಿಟ್ಟಿ ಸಿಗುತ್ತದೆ. ಮನೆಯೊಳಗೆ 18ರಲ್ಲೇ ತೆಗೆಯಿರಿ. ರೀಲೂ ಜಾಸ್ತಿ ಹೊತ್ತು ಬರುತ್ತದೆ. 50 ಅಡಿಯ ಕಾರ್ಟ್ರಿಡ್ಜಿನಲ್ಲಿ 3600 ಫ್ರೇಮ್. 18ರಲ್ಲಿ 3 ನಿಮಿಷ 20 ಸೆಕೆಂಡು, 24ರಲ್ಲಿ ಎರಡೂವರೆ ನಿಮಿಷ.

ಕೊಡಾಕ್ 1971ರಲ್ಲಿ ಎಕ್ಸ್‌ಎಲ್ ಅನ್ನುವ ಕ್ಯಾಮರಾಗಳನ್ನು ತಂದಿತು. ಲೆನ್ಸ್ ಎಫ್/1.2 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ), ಶಟರ್ ತೆರವು 230 ಡಿಗ್ರಿ. ಇರುವ ಬೆಳಕಿನಲ್ಲೇ ತೆಗೆಯಲಿ ಅಂತಲೇ ಮಾಡಿದ್ದು. ಜೊತೆಗೆ 160ರ ಎಕ್ಟಾಕ್ರೋಮ್ ಫಿಲ್ಮನ್ನೂ ತಂದರು. ಆಮೇಲೆ ಬೇರೆ ಕಂಪನಿಗಳೂ ಇದೇ ದಾರಿ ಹಿಡಿದವು. ಕ್ಯಾನನ್ 310 ಎಕ್ಸ್‌ಎಲ್‌ನ ಲೆನ್ಸಂತೂ ಎಫ್/1.0. ನಿಮಗೆ ಆಯ್ಕೆ ಇದ್ದರೆ, ದೊಡ್ಡ ಜೂಮ್ ಇರುವ ಭಾರದ ಕ್ಯಾಮರಾ ಬಿಟ್ಟು ಇಂಥ ಒಂದು ಪುಟ್ಟ ಎಕ್ಸ್‌ಎಲ್ ಹುಡುಕಿ. ನೋಡಲು ಆಟಿಕೆ ಹಾಗೆ ಕಂಡರೂ ಮಬ್ಬು ಬೆಳಕಿನಲ್ಲಿ ಅದೇ ಗೆಲ್ಲುತ್ತದೆ.

ಈಗ ಲಕ್ಸ್ ಲೆಕ್ಕ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಎಫ್ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 250ರಿಂದ ಗುಣಿಸಿ, ಶಟರಿನ ಸಂಖ್ಯೆಯಿಂದ ಗುಣಿಸಿ, ಫಿಲ್ಮಿನ ವೇಗದಿಂದ ಭಾಗಿಸಿ. ಮುಖದ ಮೇಲೆ ಎಷ್ಟು ಲಕ್ಸ್ ಬೇಕು ಅಂತ ಸಿಗುತ್ತದೆ. ಎಫ್/1.8 ಲೆನ್ಸ್, 43ನೇ ಒಂದು ಭಾಗದ ಶಟರ್ ಇದ್ದರೆ:

- ವೇಗ 500: ಸುಮಾರು 70 ಲಕ್ಸ್
- ವೇಗ 160: ಸುಮಾರು 220 ಲಕ್ಸ್
- ವೇಗ 125, ಅಂದರೆ ಇಪ್ಪತ್ತು ವರ್ಷ ಹಳೆಯ 500ಟಿ: ಸುಮಾರು 280 ಲಕ್ಸ್
- ವೇಗ 40: ಸುಮಾರು 870 ಲಕ್ಸ್

ಸಂಜೆ ದೀಪ ಹಾಕಿದ ಕೋಣೆಯಲ್ಲಿ ಸಾಮಾನ್ಯವಾಗಿ 50ರಿಂದ 150 ಲಕ್ಸ್ ಇರುತ್ತದೆ. ಹೊಸ 500ಟಿಗೆ ಸಾಕು. ಹಳೇ 500ಟಿಗೆ ಸಾಲದು. ನನ್ನ ಕೆಸರಿನ ರೀಲಿನ ಗುಟ್ಟು ಇದೇ. ಮೂವತ್ತು ವರ್ಷದ ಕೊಡಾಕ್ರೋಮನ್ನು ನೆಗೆಟಿವ್ ಹಾಗೆ ತೊಳೆಸುತ್ತೇವೆ ಅಂತ ಇಟ್ಟುಕೊಂಡರೂ ವೇಗ 5ಕ್ಕೆ ಇಳಿದಿರುತ್ತದೆ. ಅದಕ್ಕೆ ಬೇಕಾಗುವುದು ಏಳು ಸಾವಿರ ಲಕ್ಸ್. ಅದು ಅಂಗಳದ ಬೆಳಕು, ಹಜಾರದ್ದಲ್ಲ.

ಎಫ್/1.2 ಲೆನ್ಸ್, 220 ಡಿಗ್ರಿ ಶಟರ್ ಇರುವ ಎಕ್ಸ್‌ಎಲ್ ಕ್ಯಾಮರಾದಲ್ಲಿ 500ಕ್ಕೆ 21 ಲಕ್ಸ್ ಸಾಕು. 125ಕ್ಕೆ ಸುಮಾರು 85. ವ್ಯತ್ಯಾಸ ನೋಡಿದಿರಾ? ದೀಪ ತರುವ ಬದಲು ಕ್ಯಾಮರಾ ಬದಲಿಸಿದರೇ ಅರ್ಧ ಕೆಲಸ ಮುಗಿಯುತ್ತದೆ.

ಒಂದು ತಿದ್ದುಪಡಿ. ಅನೇಕ ಕ್ಯಾಮರಾಗಳಲ್ಲಿ ಲೆನ್ಸ್ ಒಳಗಿನ ಪ್ರಿಸಂ ಸ್ವಲ್ಪ ಬೆಳಕನ್ನು ಕದ್ದು ವ್ಯೂಫೈಂಡರಿಗೆ ಕಳಿಸುತ್ತದೆ. ಕ್ಯಾಮರಾದ ಸ್ವಂತ ಮೀಟರಿಗೆ ಇದು ಸಾಮಾನ್ಯವಾಗಿ ಗೊತ್ತಿರುತ್ತದೆ. ಕೈ ಮೀಟರ್ ಅಥವಾ ಫೋನಿನ ಆ್ಯಪ್ ಬಳಸಿದರೆ ಮಾತ್ರ ನೀವೇ ಅರ್ಧ ಸ್ಟಾಪ್ ಸೇರಿಸಿ.

ಹಂತ 4: ಕ್ಯಾಮರಾ ಸಿದ್ಧ ಮಾಡಿ

ಬ್ಯಾಟರಿ ಜಾಗ ಮೊದಲು. ಹಸಿರು ಕಟ್ಟಿದ್ದರೆ ವಿನೆಗರ್ ಅದ್ದಿದ ಕಿವಿಕಡ್ಡಿಯಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಮೀಟರಿಗೆ ಬೇರೆಯೇ ಗುಂಡಿ ಸೆಲ್ ಇರುವ ಕ್ಯಾಮರಾ ಆದರೆ ಎಚ್ಚರ. ಅವು 1.35 ವೋಲ್ಟಿನ ಪಾದರಸದ ಸೆಲ್‌ಗೆ ಮಾಡಿದವು, ಅದು ಈಗ ಸಿಗುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ ಜಿಂಕ್-ಏರ್ ಸೆಲ್ 1.4 ವೋಲ್ಟ್. ಅದು ಹೊಂದುತ್ತದೆ.

ಆಮೇಲೆ ಆ ಕಿತ್ತಳೆ ಫಿಲ್ಟರ್. ಸೂಪರ್ 8 ಕ್ಯಾಮರಾ ಒಳಗೆ 85 ಅನ್ನುವ ಫಿಲ್ಟರ್ ಇರುತ್ತದೆ. ಬಲ್ಬಿನ ಬೆಳಕಿಗೆ ಮಾಡಿದ ಫಿಲ್ಮನ್ನು ಬಿಸಿಲಿನಲ್ಲಿ ಬಳಸಲು ಅದು ಬೇಕು. ಮನೆಯೊಳಗೆ ಅದು ಸುಮ್ನೆ ಮುಕ್ಕಾಲು ಸ್ಟಾಪಿನ ಹತ್ತಿರ ಬೆಳಕು ತಿನ್ನುತ್ತದೆ. ಸೂರ್ಯ ಮತ್ತು ಬಲ್ಬಿನ ಚಿತ್ರ ಇರುವ ಸ್ವಿಚ್ ಹುಡುಕಿ, ಬಲ್ಬಿನ ಕಡೆ ತಳ್ಳಿ. ಸ್ವಿಚ್ ಅನ್ನು ನಂಬಬೇಡಿ. ಕಾರ್ಟ್ರಿಡ್ಜ್ ಹಾಕುವ ಮೊದಲು ಬಾಗಿಲು ತೆಗೆದು, ಲೆನ್ಸನ್ನು ಬಿಳಿ ದೀಪದ ಕಡೆ ತಿರುಗಿಸಿ, ಕ್ಯಾಮರಾ ಓಡಿಸುತ್ತಾ ಗೇಟ್ (ಫಿಲ್ಮಿಗೆ ಬೆಳಕು ಬೀಳುವ ಕಿಂಡಿ) ಮೂಲಕ ನೋಡಿ. ಕಾಣುವ ಬೆಳಕು ಕಿತ್ತಳೆ ಇದ್ದರೆ ಫಿಲ್ಟರ್ ಇನ್ನೂ ಅಲ್ಲೇ ಸಿಕ್ಕಿಕೊಂಡಿದೆ. ನಲವತ್ತು ವರ್ಷದ ಸ್ಪ್ರಿಂಗ್, ಸಿಕ್ಕಿಕೊಳ್ಳುವುದು ಮಾಮೂಲು.

ಮೂರನೆಯದು ಕಾರ್ಟ್ರಿಡ್ಜಿನ ಅಂಚಿನ ಕಚ್ಚು. ಕ್ಯಾಮರಾ ಅದನ್ನು ಮುಟ್ಟಿ ಫಿಲ್ಮಿನ ವೇಗ ತಿಳಿದುಕೊಳ್ಳುತ್ತದೆ. ಆದರೆ ಬಹಳಷ್ಟು ಕ್ಯಾಮರಾಗಳಿಗೆ 40 ಮತ್ತು 160 ಎರಡೇ ಗೊತ್ತು. 500ಟಿ ಹಾಕಿದರೆ ಹೆಚ್ಚಿನವು 160 ಅಂತಲೇ ಓದುತ್ತವೆ. ಹೊಸ ರೀಲಿಗೆ ಇದು ತೊಂದರೆ, ಏಕೆಂದರೆ ಇನ್ನೂ 1.6 ಸ್ಟಾಪ್ ಅವಕಾಶ ಇರುವಾಗಲೇ ಕೆಂಪು ದೀಪ ಉರಿದು ಬೆಳಕು ಸಾಲದು ಅನ್ನುತ್ತದೆ. ಹಳೇ ರೀಲಿಗೆ ಮಾತ್ರ ಇದು ವರ! ಹದಿನಾರು ವರ್ಷದ 500ಟಿ ಕಳೆದುಕೊಂಡಿರುವುದೂ ಸುಮಾರು 1.6 ಸ್ಟಾಪೇ. ಕ್ಯಾಮರಾ ತಪ್ಪಾಗಿ ಓದಿದ್ದೇ ಸರಿಯಾದ ಲೆಕ್ಕ ಆಗಿಬಿಡುತ್ತದೆ. ಆಗ ಕೆಂಪು ದೀಪ ಹೇಳುವುದನ್ನು ನಂಬಿ.

ಕಾರ್ಟ್ರಿಡ್ಜ್ ಹಾಕುವ ಮೊದಲು ಅದನ್ನು ಅಂಗೈ ಮೇಲೆ ಚಪ್ಪಟೆಯಾಗಿ ಎರಡು-ಮೂರು ಸಲ ತಟ್ಟಿ. ವರ್ಷಗಟ್ಟಲೆ ಒಂದೇ ಕಡೆ ಕೂತ ಸುರುಳಿಗಳು ಒಂದಕ್ಕೊಂದು ಅಂಟಿರುತ್ತವೆ. ಗೇಟನ್ನು ಮೆತ್ತನೆ ಬ್ರಷ್‌ನಿಂದ ಒರೆಸಿ. ಓಡುವಾಗ ಶಬ್ದ ಕೇಳಿಸಿಕೊಳ್ಳಿ. ಸಮನಾದ ಗುರ್ ಶಬ್ದ ಇದ್ದರೆ ಸರಿ. ಕಟಕಟ ಅಂದರೆ ನಿಲ್ಲಿಸಿ, ತೆಗೆದು, ಮತ್ತೆ ತಟ್ಟಿ. ಬಾಗಿಲು ತೆಗೆದರೆ ಹಾಳಾಗುವುದು ಗೇಟಿನ ಬಳಿ ಇರುವ ಕೆಲವೇ ಫ್ರೇಮ್. ಫುಟೇಜ್ ಮುಳ್ಳು ಮಾತ್ರ ಸೊನ್ನೆಗೆ ಬಂದಿರುತ್ತದೆ, ಎಷ್ಟು ಓಡಿತ್ತು ಅಂತ ಬರೆದುಕೊಳ್ಳಿ.

ಹಂತ 5: ಮುಖಕ್ಕೆ ಬೆಳಕು ತನ್ನಿ

ಕೋಣೆ ಪೂರ್ತಿ ಬೆಳಗಿಸುವ ಆಸೆ ಬಿಡಿ. ನಿಮಗೆ ಬೇಕಾದ್ದು ಒಂದು ಮುಖದ ಮೇಲೆ 280 ಲಕ್ಸ್. ಅದು ಕಷ್ಟ ಅಲ್ಲ.

ಹಳೇ ಕಾಲದ 100 ವ್ಯಾಟ್ ಬಲ್ಬ್, ಅಥವಾ ಅದಕ್ಕೆ ಸಮನಾದ 1500 ಲ್ಯೂಮೆನ್‌ನ ಎಲ್‌ಇಡಿ, ಒಂದು ಮೀಟರ್ ದೂರದಲ್ಲಿ ಸುಮಾರು 120 ಲಕ್ಸ್ ಕೊಡುತ್ತದೆ. ಅದನ್ನೇ 65 ಸೆಂಟಿಮೀಟರಿಗೆ ತನ್ನಿ, 280 ಆಯಿತು! ದೂರ ಅರ್ಧ ಮಾಡಿದರೆ ಬೆಳಕು ನಾಲ್ಕು ಪಟ್ಟು. ಹೊಸ ದೀಪ ಕೊಳ್ಳುವ ಮೊದಲು ಇರುವ ದೀಪವನ್ನು ಹತ್ತಿರ ಎಳೆಯಿರಿ. ಅಥವಾ ಅಜ್ಜಿಯ ಕುರ್ಚಿಯನ್ನೇ ದೀಪದ ಹತ್ತಿರ ಎಳೆಯಿರಿ, ಅವರು ಒಪ್ಪಿದರೆ. ಓದಲು ಇನ್ನೂ ಚೆನ್ನಾಗಿ ಕಾಣುತ್ತದೆ ಅಂತ ಖುಷಿಯೇ ಪಟ್ಟಾರು.

ಹತ್ತಿರ ತಂದ ದೀಪಕ್ಕೆ ಇನ್ನೊಂದು ಗುಣ ಇದೆ. ಮುಖ ಬೆಳಗುತ್ತದೆ, ಹಿಂದಿನ ಗೋಡೆಗೆ ಬೆಳಕು ತಲುಪುವುದೇ ಇಲ್ಲ. ಗೋಡೆ ಪೂರ್ತಿ ಕಪ್ಪಾದರೆ ಮಸುಕನ್ನು ಆ ಕಪ್ಪಿನಲ್ಲಿ ಮುಚ್ಚಿಹಾಕಬಹುದು. ಗೋಡೆ ಅರ್ಧಂಬರ್ಧ ಕಂಡರೆ ಅಲ್ಲೇ ಗ್ರೇನ್ (ಫಿಲ್ಮಿನ ಕಾಳುಕಾಳು ಚುಕ್ಕೆ) ಇರುವೆ ಸಾಲಿನ ಹಾಗೆ ಹರಿದಾಡುತ್ತದೆ. ಹಾಗಾಗಿ ಹಿಂದಿನ ಮಂದ ದೀಪಗಳನ್ನು ಆರಿಸುವುದೇ ವಾಸಿ. ಕೇಳಲು ವಿಚಿತ್ರ, ಮಬ್ಬು ಬೆಳಕಿನಲ್ಲಿ ಇನ್ನಷ್ಟು ದೀಪ ಆರಿಸುವುದು. ಮಾಡಿ ನೋಡಿ.

ಟೇಬಲ್ ಲ್ಯಾಂಪ್ ಚಿತ್ರದೊಳಗೇ ಕಾಣಬೇಕು ಅನ್ನಿಸಿದರೆ ಹೀಗೆ ಮಾಡಿ. ಜಾಸ್ತಿ ಬೆಳಕಿನ ಎಲ್‌ಇಡಿ ಬಲ್ಬ್ ಹಾಕಿ. ಲ್ಯಾಂಪ್‌ಶೇಡಿನ ಒಳಗೆ, ಕ್ಯಾಮರಾ ಕಡೆಯ ಬದಿಗೆ ಮಾತ್ರ, ಒಂದು ದಪ್ಪ ಕಾಗದ ಅಂಟಿಸಿ. ಕ್ಯಾಮರಾಗೆ ಶೇಡ್ ಹಿತವಾಗಿ ಕಾಣುತ್ತದೆ, ಮುಖದ ಕಡೆ ಬೆಳಕು ಪೂರ್ತಿ ಹೋಗುತ್ತದೆ. ಬಿಸಿಯಾಗುವ ಹಳೇ ಬಲ್ಬಿಗೆ ಈ ಕಾಗದದ ಆಟ ಬೇಡ, ಬೆಂಕಿ ಹತ್ತುತ್ತದೆ.

ಎಲ್‌ಇಡಿಯ ಒಂದು ಕಾಟ ಮಿನುಗು. ಕಣ್ಣಿಗೆ ಕಾಣದ ಮಿನುಗು ಫಿಲ್ಮಿನಲ್ಲಿ ಅಲೆ ಅಲೆಯಾಗಿ ಬರುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಆ ದೀಪವನ್ನು ತೆಗೆದು ನೋಡಿ. ಅಲ್ಲಿ ಮಿನುಗಿದರೆ ಆ ದೀಪ ಬೇಡ. ಬಣ್ಣದ ವಿಷಯಕ್ಕೆ ಬಂದರೆ, ಟಂಗ್‌ಸ್ಟನ್ ನೆಗೆಟಿವ್ ಬಯಸುವುದು 3200 ಕೆಲ್ವಿನ್ ಬೆಳಕು. ಮನೆಯ ಸಾಮಾನ್ಯ ಹಳದಿ ಬಲ್ಬ್ 2700ರ ಆಸುಪಾಸು. ಹಳದಿ ಜಾಸ್ತಿಯಾದಷ್ಟೂ ಫಿಲ್ಮಿನ ನೀಲಿ ಪದರಕ್ಕೆ ಬೆಳಕು ಸಾಲದೆ ಗ್ರೇನ್ ಅಲ್ಲೇ ಹೆಚ್ಚಾಗುತ್ತದೆ. ಆದಷ್ಟೂ 3000–3200ರ ದೀಪ ಹಾಕಿ. ಟ್ಯೂಬ್‌ಲೈಟ್, ಬಲ್ಬ್, ಕಿಟಕಿ ಎಲ್ಲ ಒಟ್ಟಿಗೆ ಬೆರೆಸಬೇಡಿ. ಹಳೇ ಫಿಲ್ಮಿನ ಪದರಗಳು ಆಗಲೇ ಒಂದೊಂದು ಬಣ್ಣಕ್ಕೆ ವಾಲಿರುತ್ತವೆ, ನೀವೂ ಕೈಜೋಡಿಸುವುದು ಬೇಡ.

ಹಗಲಾದರೆ ಕಿಟಕಿಯೇ ಸಾಕು. ಮೋಡದ ದಿನ, ಕಿಟಕಿಯಿಂದ ಒಂದು ಮೀಟರ್ ದೂರ, ಮುಖ ಕಿಟಕಿಯತ್ತ. ಟಂಗ್‌ಸ್ಟನ್ ನೆಗೆಟಿವ್ ಆದರೆ ನಾನು ಆಗಲೂ 85 ಫಿಲ್ಟರ್ ಹಾಕುವುದಿಲ್ಲ. ಬರುವ ನೀಲಿಯನ್ನು ಸ್ಕ್ಯಾನ್ ಮಾಡಿದ ಮೇಲೆ ಸರಿಮಾಡಿಕೊಳ್ಳಬಹುದು, ಕಳೆದುಕೊಂಡ ಬೆಳಕನ್ನು ತರಲಾಗುವುದಿಲ್ಲ.

ಹಂತ 6: ಅಳೆಯುವುದು

ಆಟೋ ಮೀಟರ್ ಇಡೀ ಚೌಕಟ್ಟಿನ ಸರಾಸರಿ ನೋಡುತ್ತದೆ. ಚೌಕಟ್ಟಿನಲ್ಲಿ ಲ್ಯಾಂಪ್ ಇದ್ದರೆ ಬೆಳಕು ಧಾರಾಳ ಇದೆ ಅಂದುಕೊಂಡು ಐರಿಸ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಮುಚ್ಚಿ, ಮುಖ ಕಪ್ಪು ಮಾಡುತ್ತದೆ. ಹತ್ತಿರ ಹೋಗಿ. ಮುಖವೇ ಚೌಕಟ್ಟು ತುಂಬುವ ಹಾಗೆ ಹಿಡಿದು ಮುಳ್ಳು ಎಲ್ಲಿದೆ ನೋಡಿ. ಎಕ್ಸ್‌ಪೋಷರ್ ಲಾಕ್ ಇದ್ದರೆ ಅಲ್ಲೇ ಲಾಕ್ ಮಾಡಿ, ಹಿಂದೆ ಬಂದು ತೆಗೆಯಿರಿ. ಲಾಕ್ ಇಲ್ಲದ ಕ್ಯಾಮರಾ ಆದರೆ ಲ್ಯಾಂಪನ್ನು ಚೌಕಟ್ಟಿನಿಂದ ಹೊರಗಿಡಿ. ಬೇರೆ ದಾರಿ ಇಲ್ಲ.

ಫೋನಿನ ಲೈಟ್ ಮೀಟರ್ ಆ್ಯಪ್ ಬಳಸುವವರು ಶಟರ್ 40ನೇ ಒಂದು ಭಾಗಕ್ಕೆ, ವೇಗವನ್ನು ನೀವು ಅಂದಾಜು ಮಾಡಿದ ಕಡಿಮೆ ಸಂಖ್ಯೆಗೆ ಇಡಿ. ಅದು ಎಫ್/1.4 ಅಂದು, ನಿಮ್ಮ ಲೆನ್ಸ್ ಎಫ್/1.8 ಮಾತ್ರ ತೆರೆದರೆ, ಕ್ಯಾಮರಾ ಜೊತೆ ಜಗಳ ಆಡಬೇಡಿ. ದೀಪವನ್ನು ಇನ್ನೊಂದಿಷ್ಟು ಹತ್ತಿರ ತನ್ನಿ.

ಹಂತ 7: ತೆಗೆಯುವುದು

ಐರಿಸ್ ಪೂರ್ತಿ ತೆರೆದಾಗ ಫೋಕಸ್ ಕ್ಷಮಿಸುವುದಿಲ್ಲ. 40 ಎಂಎಂ ಜೂಮಿನಲ್ಲಿ, ಎಫ್/1.8ರಲ್ಲಿ, ಎರಡೂವರೆ ಮೀಟರ್ ದೂರದ ಮುಖಕ್ಕೆ ಸಿಗುವ ಚೂಪಾದ ಜಾಗ ಸುಮಾರು 18 ಸೆಂಟಿಮೀಟರ್. ಮುಂದೆ ಬಾಗಿದರೆ ಹೋಯಿತು. ಅದೇ 9 ಎಂಎಂ ಅಗಲಕ್ಕೆ ಬಂದು ಮೂರೂವರೆ ಮೀಟರಿಗೆ ಫೋಕಸ್ ಇಟ್ಟರೆ 1.7 ಮೀಟರಿಂದ ಕೊನೆಯವರೆಗೂ ಚೆನ್ನಾಗಿರುತ್ತದೆ. ಹಾಗಾಗಿ ಜೂಮ್ ಮರೆತು, ಅಗಲ ಲೆನ್ಸಿನಲ್ಲಿ ನೀವೇ ಹತ್ತಿರ ಹೋಗಿ. ಎಷ್ಟೋ ಜೂಮ್ ಲೆನ್ಸ್‌ಗಳು ದೂರದ ತುದಿಯಲ್ಲಿ ಬೆಳಕನ್ನೂ ಕಡಿಮೆ ಬಿಡುತ್ತವೆ.

ವ್ಯೂಫೈಂಡರಿನ ಕಣ್ಣಿನ ಹೊಂದಾಣಿಕೆಯನ್ನು ಮೊದಲೇ, ಬೆಳಕಿರುವ ಕಡೆ ಮಾಡಿಟ್ಟುಕೊಳ್ಳಿ. ಕತ್ತಲಲ್ಲಿ ಫೋಕಸ್ ಕಾಣದಿದ್ದರೆ ಟೇಪಿನಿಂದ ದೂರ ಅಳೆದು ಉಂಗುರ ತಿರುಗಿಸಿ. ನಾನು ಅಳೆದೇ ಇಡುತ್ತೇನೆ, ಮನೆಯವರು ನಕ್ಕರೆ ನಗಲಿ.

ಏನೂ ಅಲುಗದ ದೃಶ್ಯಕ್ಕೆ ಸೆಕೆಂಡಿಗೆ 9 ಫ್ರೇಮ್ ಬಳಸಬಹುದು. ಮಲಗಿದ ಬೆಕ್ಕು, ಗಾಜಿನ ಮೇಲೆ ಮಳೆ ಹನಿ. ಒಂದು ಸ್ಟಾಪ್ ಪೂರ್ತಿ ಸಿಗುತ್ತದೆ, ಕ್ಯಾಮರಾ ಮಾತ್ರ ಸ್ಟ್ಯಾಂಡಿನ ಮೇಲಿರಲಿ. ಮನುಷ್ಯರನ್ನು ಹೀಗೆ ತೆಗೆದು 18ರಲ್ಲಿ ತೋರಿಸಿದರೆ ಎರಡು ಪಟ್ಟು ವೇಗದಲ್ಲಿ ಓಡಾಡುತ್ತಾರೆ. ಬೇಕೆಂದೇ ಮಾಡಿದರೆ ಸರಿ.

ಕೈಯಲ್ಲಿ ಹಿಡಿದು ತೆಗೆಯುವುದಾದರೆ ಮೊಣಕೈ ಪಕ್ಕೆಗೆ ಒತ್ತಿ, ಗೋಡೆಗೆ ಒರಗಿ. ಅತ್ತಿತ್ತ ತಿರುಗಿಸಬೇಡಿ. ಪ್ರತಿ ಶಾಟ್ ಎಂಟು-ಹತ್ತು ಸೆಕೆಂಡು ಇರಲಿ. ಗ್ರೇನ್ ತುಂಬಿದ ಚಿತ್ರವನ್ನು ಕಣ್ಣು ಓದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೂರು ಸೆಕೆಂಡಿನ ಶಾಟ್ ಏನು ಅಂತ ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ.

ಹಂತ 8: ತೊಳೆಸುವುದು, ಸ್ಕ್ಯಾನ್ ಮಾಡಿಸುವುದು

ಲ್ಯಾಬಿಗೆ ಎರಡು ವಿಷಯ ಬರೆದು ಕೊಡಿ: ಫಿಲ್ಮಿನ ವಯಸ್ಸು, ನೀವು ಇಟ್ಟ ವೇಗ. ಮೂರನೆಯದಾಗಿ, ಪುಶ್ ಬೇಡ ಅಂತ ಸ್ಪಷ್ಟವಾಗಿ ಹೇಳಿ. ಹೊಸ ಫಿಲ್ಮಿನಲ್ಲಿ ಬೆಳಕು ಸಾಲದಿದ್ದರೆ ಜಾಸ್ತಿ ಹೊತ್ತು ತೊಳೆದು ಎತ್ತಬಹುದು. ಹಳೆಯದರಲ್ಲಿ ಹಾಗೆ ಮಾಡಿದರೆ ಚಿತ್ರಕ್ಕಿಂತ ಮೊದಲು ಮಸುಕೇ ಮೇಲೆದ್ದು ಬರುತ್ತದೆ.

ಹಳೇ ಸಿನಿಮಾ ನೆಗೆಟಿವ್‌ನ ಬೆನ್ನಿಗೆ ರೆಮ್‌ಜೆಟ್ ಅನ್ನುವ ಕಪ್ಪು ಪದರ ಇರುತ್ತದೆ. ಸ್ಟಿಲ್ ಫೋಟೊ ತೊಳೆಯುವ ಸಿ-41 ಯಂತ್ರಕ್ಕೆ ಅದನ್ನು ಹಾಕಿದರೆ ಯಂತ್ರವೂ ಕೆಡುತ್ತದೆ, ರೀಲೂ ಕೆಡುತ್ತದೆ. ಇಸಿಎನ್-2 ಮಾಡುವವರಿಗೇ ಕೊಡಿ. ಕೊಡಾಕ್ರೋಮಿನ ಬೆನ್ನಿಗೂ ಇದೇ ಪದರ ಇದೆ.

ಮಸುಕು ವಿಪರೀತ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ ಬಣ್ಣದ ಆಸೆ ಬಿಟ್ಟು ಕಪ್ಪು-ಬಿಳುಪು ನೆಗೆಟಿವ್ ಆಗಿ ತೊಳೆಸಿ. ಹಳೇ ಟ್ರೈ-ಎಕ್ಸನ್ನೂ ರಿವರ್ಸಲ್ ಬದಲು ನೆಗೆಟಿವ್ ಮಾಡುವುದೇ ಕ್ಷೇಮ. ಮನೆಯಲ್ಲೇ ತೊಳೆಯುವವರಿಗೆ ಎಚ್‌ಸಿ-110 ಡೆವಲಪರ್ ಒಳ್ಳೆಯದು, ಮಸುಕು ಕಡಿಮೆ ಎಬ್ಬಿಸುತ್ತದೆ. ಬೆಂಜೊಟ್ರಯಜೋಲ್ ದ್ರಾವಣ ಒಂದಿಷ್ಟು ಸೇರಿಸಿದರೆ ಇನ್ನೂ ತಗ್ಗುತ್ತದೆ. ಅದು ಸ್ವಲ್ಪ ವೇಗವನ್ನೂ ತಿನ್ನುತ್ತದೆ, ಆ ಲೆಕ್ಕ ತೆಗೆಯುವಾಗಲೇ ಇರಬೇಕು.

ಸ್ಕ್ಯಾನ್ ಮಾಡಿಸುವಾಗ ಸಪ್ಪೆ ಫೈಲ್ ಕೇಳಿ, ತಾವಾಗಿ ಬಣ್ಣ ತಿದ್ದಿದ್ದು ಬೇಡ. ಆಟೋ ತಿದ್ದುಪಡಿ ಕತ್ತಲ ಜಾಗವನ್ನು ಎತ್ತಿ ತೋರಿಸಲು ಹೋಗುತ್ತದೆ, ಅಲ್ಲಿ ಇರುವುದು ಹಸಿರು ಗ್ರೇನ್ ಮಾತ್ರ. ನೀವು ಮಾಡಬೇಕಾದ್ದು ತದ್ವಿರುದ್ಧ. ಮಸುಕು ಎಲ್ಲಿದೆಯೋ ಅಲ್ಲಿಗೆ ಕಪ್ಪಿನ ಮಟ್ಟ ತಂದು ನಿಲ್ಲಿಸಿ. ಗೋಡೆ, ಕುರ್ಚಿಯ ಕಾಲು, ಕಪಾಟು ಎಲ್ಲ ಮುಳುಗಲಿ. ಮುಖ, ಕೈ, ಪೇಪರಿನ ಅಂಚು ಉಳಿಯುತ್ತವೆ. ಆಮೇಲೆ ಚರ್ಮದ ಬಣ್ಣ ನೋಡಿಕೊಂಡು ಕೆಂಪು-ಹಸಿರು ಸರಿಮಾಡಿ. ಎಷ್ಟು ತಿದ್ದಿದರೂ ಸರಿಯಾಗದಿದ್ದರೆ ಬಣ್ಣ ತೆಗೆದೇಬಿಡಿ.

ಇನ್ನೂ ರೀಲುಗಳು ಮಿಕ್ಕಿದ್ದರೆ ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಬಳಸುವ ದಿನ ಕೆಲವು ಗಂಟೆ ಮೊದಲೇ ಹೊರಗೆ ತೆಗೆದು, ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ. ಇಲ್ಲದಿದ್ದರೆ ಫಿಲ್ಮಿನ ಮೇಲೆ ನೀರಿನ ಹನಿ ಕೂರುತ್ತದೆ. ಮೊದಲು 500ಟಿ ಮುಗಿಸಿ, ಆಮೇಲೆ 200ಟಿ. 50ಡಿ ಇನ್ನೊಂದು ವರ್ಷ ಕಾಯಲಿ, ಹೇಗೂ ಅದನ್ನು ಹೊರಗೇ ತೆಗೆಯಬೇಕು.